ಆಟದ ಕಿವಿರು

ಮೀನನ್ನು ಕಿವಿರು ಎತ್ತಿ ನೋಡಿ ಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ವಿಡಿಯೋ ಗೇಮನ್ನು ಕಿವಿರು ಎತ್ತಿ ನೋಡುವವರನ್ನು ಕಂಡಿದ್ದೀರಾ? ಕಂಡಿಲ್ಲ ತಾನೇ! ಹಾಗಾದರೆ ಒಮ್ಮೆ ಕುಂಭಾಶಿಗೆ ಬನ್ನಿ, ಅಲ್ಲಿ ನನ್ನ ಸೋದರಮಾವ ಇದ್ದಾರೆ. ಬೆಳಗ್ಗೆ ಗಂಗೊಳ್ಳಿ ಬಂದರಿನಲ್ಲಿ ಹರಾಜು ಕೂಗಿ ಬಂಗುಡೆ, ಅಂಜಲು ತಂದು, ಕೋಟೇಶ್ವರದ ಅಂಗಡಿಯಲ್ಲಿ ಮಾರಿ, ಮಧ್ಯಾಹ್ನ ಉಂಡು ಕೈ ತೊಳೆದರೆಂದರೆ ಆಮೇಲೆ ಅವರು ಅರವತ್ತು ದಾಟಿದ ಮೀನು ವ್ಯಾಪಾರಿಯಲ್ಲ. ಟಿವಿಯ ಮುಂದೆ ಕುಳಿತು ಗುಂಡಿ ಹಾರುವ, ಕಲ್ಲು ತಪ್ಪಿಸಿಕೊಳ್ಳುವ, ಕೋಟೆಗೆ ನುಗ್ಗುವ ವೀರ. ಆ ಹೊತ್ತಿನಲ್ಲಿ ಮನೆಗೆ ಬಂದವರನ್ನು ಮಾತಾಡಿಸುವುದಿರಲಿ, ಬಂದದ್ದು ಯಾರೆಂದು ತಿರುಗಿ ನೋಡುವ ಅಭ್ಯಾಸವೂ ಅವರಿಗಿಲ್ಲ.

ಮಾವನದೊಂದು ಸಿದ್ಧಾಂತವಿದೆ. ಮೈ ಹೊಳೆಯುವುದನ್ನು ನೋಡಿ ಮೀನಿನ ಬುಟ್ಟಿ ಎತ್ತುವವನು ಮನೆಗೆ ನಾತ ಒಯ್ಯುತ್ತಾನೆ. ನೀರು ಚಿಮುಕಿಸಿದರೆ ಮೊನ್ನೆಯ ಮೀನೂ ಹೊಳೆಯುತ್ತದೆ. ಕಿವಿರು ಎತ್ತಬೇಕು, ಒಳಗೆ ಕೆಂಪಿರಬೇಕು. ಅವರ ಪ್ರಕಾರ ವಿಡಿಯೋ ಗೇಮಿನ ಗ್ರಾಫಿಕ್ಸ್ ಎಂದರೆ ಈ ಹೊಳೆಯುವ ಮೈ. ಅದನ್ನು ಹೊಗಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ.

“ಚಂದ ಕಾಂಬುಕೆ ಆರೆ ಗ್ವಾಡಿ ಮೇಲೆ ಕ್ಯಾಲೆಂಡರ್ ಇಲ್ಲ್ಯಾ?” ಎನ್ನುತ್ತಾರೆ. “ಬಟನ್ ಒತ್ತಿದ್ ಕೂಡ್ಲೆ ಅಂವ ಹಾರ್ತ್ನಾ? ಬಿದ್ರೆ ಮತ್ತೊಂದ್ ಸಲ ಆಡುವ ಅಂತ ಮನ್ಸ್ ಆತ್ತಾ? ಅದ್ ಕಿವಿರ್. ಉಳ್ದದ್ದೆಲ್ಲ ನೀರ್ ಚಿಮ್ಕ್ಸಿದ್ದ್.”

ಈ ಮಾತನ್ನು ಯಾರಿಗಾದರೂ ಹೇಳಲಿ, ನನಗೆ ಹೇಳಬಹುದೇ? ನಾನು ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೆಳಕು ಎಲ್ಲಿಂದ ಬರಬೇಕು, ನೆರಳು ಎಲ್ಲಿ ಬೀಳಬೇಕು ಎಂದು ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿ ಸಂಬಳ ತೆಗೆದುಕೊಳ್ಳುವವನು. ಚಿತ್ರ ಮುಖ್ಯವಲ್ಲ ಎಂದರೆ ನನ್ನ ಅನ್ನಕ್ಕೇ ಕಲ್ಲು ಹಾಕಿದಂತೆ. ಹಾಗಾಗಿ ಭಾನುವಾರ ಬಂತೆಂದರೆ ಬಸ್ ಹತ್ತಿ ಕುಂಭಾಶಿಗೆ ಹೋಗಿ ಮಾವನೊಡನೆ ಜಗಳವಾಡಿ ಬರುವುದು ನನ್ನ ರೂಢಿ. ಊಟ ಅತ್ತೆಯದು, ಜಗಳ ಮಾವನದು. ಎರಡರಲ್ಲೂ ಖಾರಕ್ಕೆ ಕೊರತೆಯಿಲ್ಲ.

ಮಾವ ಪ್ರಾಯದಲ್ಲಿ ಮುಂಬಯಿಯ ಕ್ಯಾಂಟೀನೊಂದರಲ್ಲಿದ್ದರು. ಆಗ ಅಲ್ಲಿಂದ ಊರಿಗೆ ಬರುವವರು ಟೇಪ್ ರೆಕಾರ್ಡರ್, ಸೆಂಟು, ಸೀರೆ ತರುತ್ತಿದ್ದ ಕಾಲ. ಹೊಸದಾಗಿ ಮದುವೆಯಾಗಿದ್ದ ಮಾವ ತಂದದ್ದು ಒಂದು ಬೂದು ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಸೀರೆ ಎಲ್ಲಿ ಎಂದು ಅತ್ತೆ ಕೇಳಿದರಂತೆ. “ಎರ್ಡ್ ರಿಮೋಟ್ ಇತ್ತಲ್ಲ, ಒಂದ್ ನಿಂದ್” ಎಂದರಂತೆ ಮಾವ. ಅತ್ತೆ ಆ ರಿಮೋಟನ್ನು ಇವತ್ತಿನವರೆಗೂ ಮುಟ್ಟಿಲ್ಲ.

ಆ ಕ್ಯಾಸೆಟ್ಟಿನೊಳಗಿನ ವೀರನೋ, ಹತ್ತಾರು ಚೌಕಗಳನ್ನು ಒಟ್ಟಿಗೆ ಅಂಟಿಸಿದ ಒಂದು ಆಕೃತಿ. ಅವನ ಮುಖ ಯಾವುದು, ಬೆನ್ನು ಯಾವುದು ಎಂದು ಚಿತ್ರ ಕಲಿತ ನನಗೇ ಇನ್ನೂ ತಿಳಿದಿಲ್ಲ. ಅವನು ಓಡುತ್ತಾನೆ, ಗುಂಡಿ ಬಂದರೆ ಹಾರಬೇಕು, ಕಲ್ಲು ಬಿದ್ದರೆ ಬಗ್ಗಬೇಕು. ಅಷ್ಟೇ ಆಟ! ಮಾವ ಮದುವೆಯಾದಾಗಿನಿಂದ ಇದನ್ನೇ ಆಡುತ್ತಿದ್ದಾರೆ. ನಮ್ಮ ಕಡೆ ಅಳಿಯಕಟ್ಟು, ಮಾವನ ಆಸ್ತಿ ಅಳಿಯನಿಗೆ. ಮಕ್ಕಳಿಲ್ಲದ ಅವರಿಗೆ ಇರುವ ಅಳಿಯ ನಾನೊಬ್ಬನೇ. “ನಿಂಗೆ ಬಪ್ಪ ಆಸ್ತಿ ಇದೇ ಮಾಣಿ” ಎಂದು ಅತ್ತೆ ಆ ಪೆಟ್ಟಿಗೆಯ ಧೂಳು ಒರೆಸುತ್ತ ನಗುತ್ತಾರೆ.

ಮಾವನ ಸೊಕ್ಕು ಮುರಿಯಲೇಬೇಕೆಂದು ಒಂದು ವರ್ಷ ನಾನು ಸಾಲದ ಕಂತಿನ ಮೇಲೆ ಹೊಸ ಗೇಮ್ ಯಂತ್ರ ಕೊಂಡೆ. ಜೊತೆಗೆ ಅವರಿಗೊಂದು ದೊಡ್ಡ ಟಿವಿಯನ್ನೂ ಕೊಡಿಸಿ ಗೋಡೆಗೆ ಹಾಕಿಸಿದೆ. ಆಟದಲ್ಲಿ ಒಂದು ಸಮುದ್ರವಿತ್ತು. ಸಮುದ್ರವೆಂದರೆ ಎಂಥ ಸಮುದ್ರ! ತೆರೆಯ ತುದಿಯ ನೊರೆ ಬೇರೆ, ಬುಡದ ಹಸಿರು ಬೇರೆ. ಸಂಜೆಯ ಬಿಸಿಲು ನೀರಿನ ಮೇಲೆ ಒಡೆದು ಚೂರಾಗುತ್ತಿತ್ತು. ಮಾವ ಬಹಳ ಹೊತ್ತು ನೋಡಿದರು. ನಾನು ಗೆದ್ದೆ ಅಂದುಕೊಂಡೆ.

“ಮೀನ್ ಇತ್ತಾ ಅದ್ರಗೆ?”

“ಇಲ್ಲ ಮಾವ. ಅದು ಹಿನ್ನೆಲೆ.”

“ಈಜುಕ್ ಆತ್ತಾ?”

“ಇಲ್ಲ.”

“ದೋಣಿ?”

“ಅದೂ ಇಲ್ಲ.”

“ಹಾಂಗಾರೆ ಕ್ಯಾಲೆಂಡರೇ ಅಲ್ದಾ ಮಾಣಿ? ಕಂತ್ ಕಟ್ಟಿ ತಂದ್ಯಲೆ!” ಎಂದು ಎದ್ದುಹೋಗಿ ಬೂದು ಪೆಟ್ಟಿಗೆಯ ವಯರು ತಂದು ಆ ದೊಡ್ಡ ಟಿವಿಗೇ ಸಿಕ್ಕಿಸಿದರು. ಚೌಕದ ವೀರ ಈಗ ಇನ್ನಷ್ಟು ದೊಡ್ಡ ಚೌಕಗಳಲ್ಲಿ ಓಡತೊಡಗಿದ. ನಾನು ಮೀನಿನ ಸಾರಿನಲ್ಲಿ ದುಃಖ ಮರೆತೆ.

ಅಲ್ಲಿಂದ ಮುಂದೆ ಮಾವನ ವಿಚಿತ್ರಗಳು ಹೆಚ್ಚಿದವು. ಒಮ್ಮೆ ಕುಂದಾಪುರದಿಂದ ತೆಂಕಕ್ಕೆ ಮನೆಗೆ ಬರಬೇಕಾದವರು ಬಡಗಕ್ಕೆ ಹೋಗುವ ಬಸ್ ಹತ್ತಿ, ಹೆಮ್ಮಾಡಿಯಲ್ಲಿ ಗೊತ್ತಾದರೂ ಇಳಿಯಲು ಮರ್ಯಾದೆ ಅಡ್ಡಬಂದು, ಬೈಂದೂರಿನವರೆಗೂ ಹೋದರು. ಅಲ್ಲಿಂದ ಅತ್ತೆಗೆ ಫೋನು. “ಸಮುದ್ರ ಕಾಂಬ ಅಂತ ಬಂದೆ.”

“ನಮ್ಮನೆ ಹಿಂದ್ ಇಪ್ಪುದ್ ಎಂತ?” ಎಂದರು ಅತ್ತೆ.

ಇನ್ನೊಮ್ಮೆ ಬಂದರಿನಿಂದ ಒಂದು ಬುಟ್ಟಿ ಹಳಸಿದ ಬಂಗುಡೆ ತಂದರು. ಕಿವಿರಿನ ಪಂಡಿತರು! ಬಂದರಿನಲ್ಲಿ ಅವರು ಎತ್ತಿದ ಬುಟ್ಟಿಯನ್ನು ಕಣ್ಣುಮುಚ್ಚಿ ಕೊಳ್ಳುವವರಿದ್ದಾರೆ. ಅತ್ತೆ ಮೂಗು ಮುಚ್ಚಿಕೊಂಡು ಕೇಳಿದರೆ, “ಮೀನ್ ಸಮ ಇತ್ತ್. ನಿಂಗೆ ನೆಗಡಿ” ಎಂದುಬಿಟ್ಟರು. ನೆಗಡಿಯಾದವರಿಗೆ ನಾತ ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಗ್ರಾಫಿಕ್ಸನ್ನು ಬೈಯುವುದು ಮಾತ್ರ ದಿನದಿನಕ್ಕೆ ಜೋರಾಯಿತು. ನಾವೆಲ್ಲ ನಕ್ಕೆವು. ಮಾವ ಮೊದಲಿನಿಂದಲೂ ಹಾಗೇ ಅಲ್ಲವೇ?

ಒಂದು ಭಾನುವಾರ ನಾನು ಇನ್ನೂ ಹೊಸ ಆಟ ತಂದೆ. ಕಾಡು, ಮಂಜು, ಎಲೆಯ ತುದಿಯ ಹನಿ, ಎಲ್ಲವೂ ಇರುವ ಆಟ. ವಯರು ಜೋಡಿಸಿ, ಸ್ವಿಚ್ ಒತ್ತುವ ಮುಂಚೆ, “ಈಗ ಹೇಳಿ ಮಾವ” ಎಂದು ತಿರುಗಿದೆ. ಮಾವ ಟಿವಿಯ ಕಡೆ ಮುಖ ಮಾಡಿ, ಹುಬ್ಬು ಗಂಟಿಕ್ಕಿ, ಸಾವಕಾಶವಾಗಿ ತಲೆಯಾಡಿಸಿದರು.

“ಬಣ್ಣ ಹೆಚ್ಚಾಯ್ತ್. ಕಿವಿರ್ ಇಲ್ಲೆ.”

ನಾನು ನಗಲು ಬಾಯಿ ತೆರೆದೆ. ಆಮೇಲೆ ನಗು ಬರಲಿಲ್ಲ.

“ಮಾವ, ಟಿವಿ ಇನ್ನೂ ಹಾಕ್ಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಯಲ್ಲಿ ಸೌಟು ಹಾಗೇ ಉಳಿಯಿತು. ಮಾವ ಕಣ್ಣುಜ್ಜಿಕೊಂಡರು. “ಕಾಣ್ತಿಲ್ಲೆ ಮಾಣಿ. ಎಲ್ಲ ಗಂಜಿತಿಳಿ ಕಂಡಾಂಗ್ ಕಾಣತ್ತ್” ಎಂದರು.

ಬಸ್ಸಿನ ಬೋರ್ಡು ಕಂಡಿರಲಿಲ್ಲ. ಕಿವಿರಿನ ಕೆಂಪು ಕಂಡಿರಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಈ ಸಂಗತಿ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ, ಒಬ್ಬ ಮನುಷ್ಯನಿಗೆ ಪರದೆ ಕಾಣುತ್ತಿಲ್ಲ ಎಂಬುದನ್ನು ನಾವು ಗ್ರಾಫಿಕ್ಸ್ ಬಗೆಗಿನ ಅಭಿಪ್ರಾಯವೆಂದು ತಿಳಿದು ವಾದ ಮಾಡುತ್ತ ಕುಳಿತಿದ್ದೆವು! ಚೌಕದ ವೀರನನ್ನು ಅವರು ಹಾರಿಸುತ್ತಿದ್ದದ್ದು ಬರೀ ಸದ್ದಿನ ಮೇಲೆ, ಅಭ್ಯಾಸದ ಮೇಲೆ. ಯಾಕೆ ಹೇಳಲಿಲ್ಲ ಎಂದು ಅತ್ತೆ ಕೇಳಿದಾಗ ಮಾವ ನನ್ನ ಅಜ್ಜಿಯ ಸುದ್ದಿ ತೆಗೆದರು. ಬಹಳ ಹಿಂದೆ ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿ, ಅದು ಕೀವಾಗಿ, ಇದ್ದಷ್ಟು ಬೆಳಕೂ ಹೋಗಿತ್ತು. “ಅಬ್ಬೆಗ್ ಆದ್ದ್ ನಾನ್ ಕಂಡಿದ್ದೆ. ಮಬ್ಬಾರೂ ಅಡ್ಡಿಲ್ಲೆ, ಇಪ್ಪುದ್ ಇರ್ಲಿ” ಎಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

ಉಡುಪಿಯ ಕಣ್ಣಿನ ಡಾಕ್ಟರು ನಯವಾದ ಮಾತಿನವರು, ಆದರೆ ಮುಚ್ಚಿಡಲಿಲ್ಲ. ಎರಡು ಕಣ್ಣಿನ ಪೊರೆಯೂ ಬಲಿತು ಗಟ್ಟಿಯಾಗಿದೆ. ಹೀಗೇ ಬಿಟ್ಟರೆ ಪೂರ್ತಿ ಕತ್ತಲೆ. ತೆಗೆದರೆ ಬೆಳಕು ಬರಬೇಕು, ಎಷ್ಟು ಬರುತ್ತದೆ ಎಂಬುದನ್ನು ಪಟ್ಟಿ ಬಿಚ್ಚಿದ ಮೇಲೆಯೇ ಹೇಳಬಹುದು. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆ ಹದಕ್ಕೆ ಬರಬೇಕು. ಮಾವ ನನ್ನ ಮೊಣಕೈ ಹಿಡಿದುಕೊಂಡು ಮೆಟ್ಟಿಲಿಳಿದರು.

ಸಕ್ಕರೆ ಇಳಿಯುವವರೆಗಿನ ದಿನಗಳಲ್ಲಿ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಗಂಡ ಆಟವನ್ನೂ ಬಿಟ್ಟು ಮುಖ ಜೋಲು ಹಾಕಿಕೊಂಡು ಕುಳಿತದ್ದನ್ನು ನೋಡಲಾರದೆ ಅತ್ತೆ, ಆ ಪೆಟ್ಟಿಗೆಯನ್ನು ಸವತಿಯಂತೆ ಕಂಡಿದ್ದ ಅತ್ತೆ, ತಾವೇ ಟಿವಿ ಹಾಕಿ ಮಾವನ ಪಕ್ಕ ಕುಳಿತು ಪರದೆಯ ಮೇಲೆ ಏನಾಗುತ್ತಿದೆ ಎಂದು ಹೇಳತೊಡಗಿದರು. ಹೇಳುವುದಾದರೂ ಹೇಗೆ! ಗುಂಡಿ ಮೈಲು ದೂರವಿರುವಾಗ “ಗುಂಡಿ ಬಂತ್, ಹಾರಿ” ಎನ್ನುವರು. ಕಲ್ಲು ತಲೆಯ ಮೇಲೆ ಬಿದ್ದಾದ ಮೇಲೆ “ಹ್ವಾಯ್, ಕಲ್ಲ್” ಎನ್ನುವರು. ನಡುವೆ ಒಲೆಯ ಮೇಲಿನ ಹಾಲು ನೆನಪಾದರೆ ಎದ್ದುಹೋಗುವರು. ವೀರ ಗುಂಡಿಯ ಅಂಚಿನಲ್ಲಿ ಹಾಲು ಆರುವವರೆಗೂ ಕಾಯುವನು.

“ಬೇಗ ಹೇಳಿದ್ಯಲ್ಲ, ಸತ್ತೆ ಕಾಣ್” ಎನ್ನುವರು ಮಾವ.

“ಹೇಳ್ದ್ ಕೂಡ್ಲೆ ಹಾರ್ಕ್ ಅಂತ ಇತ್ತಾ? ಸ್ವಲ್ಪ ನಿಂತ್ ಹಾರಿ.”

“ಎಷ್ಟ್ ನಿಲ್ಲುದ್?”

“ಗುಂಡಿ ಬಪ್ಪಲ್ಲಿವರೆಗೆ.”

ಭಾನುವಾರ ನಾನು ಹೋದಾಗ ಬಾಗಿಲಿಗೇ ಈ ಜಗಳ ಕೇಳಿಸುತ್ತಿತ್ತು. ಮಾವ ಬೈಯುತ್ತಿದ್ದಾರೆ ಎಂದರೆ ಮಾವ ಇದ್ದಾರೆ ಎಂದು ನನಗೆ ಸಮಾಧಾನವಾಗುತ್ತಿತ್ತು.

ಆಪರೇಷನ್ನಿನ ದಿನ ಅತ್ತೆ ಆನೆಗುಡ್ಡೆಯ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡು ಬಂದಿದ್ದರು. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು, ಇನ್ನು ಮುಂದೆ ಮಾವನೊಡನೆ ವಾದ ಮಾಡುವುದಿಲ್ಲ, ಗ್ರಾಫಿಕ್ಸ್ ಬೇಡವೆಂದರೆ ಬೇಡ, ಕಣ್ಣೊಂದು ಬರಲಿ ಎಂದು ಹರಕೆಯಂತೆ ಏನೋ ಹೇಳಿಕೊಂಡೆ. ಮರುದಿನ ಬೆಳಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಮಾವ ರೆಪ್ಪೆ ಬಡಿದರು. ಮತ್ತೆ ಬಡಿದರು. ಅತ್ತೆ ನನ್ನ ತೋಳನ್ನು ಹಿಡಿದಿದ್ದ ಜಾಗ ಆಮೇಲೆ ಕೆಂಪಾಗಿತ್ತು. ಮಾವ ನನ್ನನ್ನೇ ನೋಡಿದರು, ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡಿದರು.

“ಮಾಣಿ, ನಿನ್ ಮಂಡೆ ಕೂದ್ಲ್ ಎಲ್ಲ್ ಹೋಯ್ತ್?”

ನನ್ನ ಬೋಳುತಲೆಯ ಪ್ರಸ್ತಾಪ ಬಂದಾಗ ನನಗೆ ಸಿಟ್ಟು ಬರುವುದು ಊರಿಗೇ ಗೊತ್ತು. ಆ ದಿನ ಮಾತ್ರ ಅಷ್ಟು ಸಿಹಿಯಾದ ಮಾತನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ! ಅತ್ತೆ ಅಳುತ್ತ ನಕ್ಕರು, ನಾನು ನಗುತ್ತ ಅತ್ತುಬಿಟ್ಟೆ, ಡಾಕ್ಟರು ತಮ್ಮ ತಲೆಯನ್ನೊಮ್ಮೆ ಸವರಿಕೊಂಡರು. ಎದೆಯ ಮೇಲಿನ ಹೊರೆ ಇಳಿಯಿತು. ಎರಡನೆಯ ಕಣ್ಣಿನ ಸರದಿ ಬಂದಾಗ ಮಾವನೇ ಮುಂಚಿತವಾಗಿ ಅಂಗಿ ತೊಟ್ಟು ಅಂಗಳದಲ್ಲಿ ನಿಂತಿದ್ದರು.

ಟಿವಿ ನೋಡಬಹುದೆಂದು ಡಾಕ್ಟರು ಒಪ್ಪಿಗೆ ಕೊಟ್ಟ ಭಾನುವಾರ ನಾನು ಆ ಸಮುದ್ರದ ಆಟ ಹಾಕಿದೆ. ಹರಕೆ ಎಲ್ಲಿ ಹೋಯಿತು ಎಂದು ಕೇಳಬೇಡಿ, ಮನುಷ್ಯ ಅಷ್ಟೇ. ಮಾವ ಕಪ್ಪು ಕನ್ನಡಕ ತೆಗೆದು ತೆರೆಗಳನ್ನು ನೋಡಿದರು.

“ಚಂದ ಇತ್ತ್” ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

“ಬಾರಿ ಚಂದ ಇತ್ತ್ ಮಾಣಿ. ಆರೆ ಮೀನ್ ಇಲ್ಲ್ಯಲೆ.”

ನಿಜ ಹೇಳಲೇ? ನಾನು ಸೋತೆ, ಆದರೆ ನಿರಾಳವಾದೆ. ಇಷ್ಟು ವರ್ಷ ನಾನು ಜಗಳವಾಡಿದ್ದು ಬರೀ ಪೊರೆಯೊಡನೆ ಅಲ್ಲ, ಮಾವನೊಡನೆಯೇ ಎಂದು ಖಾತ್ರಿಯಾಯಿತು. ಅವರು ಆಗಲೇ ಬೂದು ಪೆಟ್ಟಿಗೆಯ ವಯರು ಸಿಕ್ಕಿಸಿ ಆಟಕ್ಕೆ ಕುಳಿತಿದ್ದರು. ವೀರ ಓಡಿದ, ಮೊದಲನೆಯ ಗುಂಡಿಗೇ ಬಿದ್ದ. ಮತ್ತೆ ಓಡಿದ, ಮತ್ತೆ ಬಿದ್ದ. ಸದ್ದು ಕೇಳಿ ಆಡಿ ಅಭ್ಯಾಸವಾದ ಕೈಗೆ ಈಗ ಕಣ್ಣು ಅಡ್ಡ ಬರುತ್ತಿತ್ತು. ಮಾವ ಕಣ್ಣು ಮುಚ್ಚಿಕೊಂಡರು.

ಅಡುಗೆಮನೆಯಿಂದ ಇಣುಕಿದ ಅತ್ತೆ ಅದನ್ನು ಕಂಡು ಎದೆ ಒಡೆದವರಂತೆ ಓಡಿಬಂದರು. “ಎಂತಾಯ್ತ್? ಕಾಣ್ತಿಲ್ಲ್ಯಾ?”

“ಕಾಣತ್ತ್. ಅದ್ಕೇ ಮುಚ್ಕಂಡದ್ದ್.”

“ನಿಮ್ಮ್ ಮಂಡೆಗ್ ಆಪರೇಷನ್ ಮಾಡ್ಸ್ಕಿತ್ತ್” ಎಂದು ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ತಿರುಗಿದರು. ಮಾವ ಕಣ್ಣು ತೆರೆದರು.

“ಹ್ವಾಯ್, ಎಲ್ಲಿಗ್ ಹೋತೆ? ಇಲ್ಲ್ ಕೂಕೊ. ಎಂತ ಬತ್ತ್ ಹೇಳ್.”

“ಈಗ ನಿಮ್ಗೇ ಕಾಣತ್ತಲ್ಲ, ನಾನೆಂತಕ್?”

“ಕಾಂಬುದ್ ಕಾಣತ್ತ್. ನೀ ಹೇಳ್.”

ಅತ್ತೆ ಮಾವನ ಪಕ್ಕ ಬಂದು ಕುಳಿತರು. ವೀರ ಓಡತೊಡಗಿದ.

“ಗುಂಡಿ ಬಂತ್, ಹಾರಿ” ಎಂದರು ಅತ್ತೆ.

ಗುಂಡಿ ಇನ್ನೂ ಬಹಳ ದೂರವಿತ್ತು. ಅದು ಮಾವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಹಾರಿದರು.