ಬಾಯಿಗೊಂದು ತುತ್ತು, ಆಮೇಲೆ ಹಗ್ಗ

ಇಡೀ ಬಳ್ಳಾರಿ ಕೆಂಪು ಮಣ್ಣನ್ನು ಲಾರಿಗೆ ತುಂಬಿ ಶ್ರೀಮಂತವಾಗುತ್ತಿದ್ದ ಕಾಲದಲ್ಲಿ, ಗಟಾರದ ನೀಲಿ ನೀರು ನೋಡಿ ಕಣ್ಣೀರು ಹಾಕಿದ ಮನುಷ್ಯ ಯಾರು ಅಂತ ಯಾರಾದರೂ ಸ್ಪರ್ಧೆ ಇಟ್ಟಿದ್ದರೆ ಬಹುಮಾನ ನಮ್ಮ ಮಾಮನಿಗೇ! ಎರಡನೆಯ ಬಹುಮಾನಕ್ಕೆ ಆಸಾಮಿಯೇ ಸಿಗುತ್ತಿರಲಿಲ್ಲ.

ಮಾಮ ಎಂದರೆ ನಮ್ಮವ್ವನ ತಮ್ಮ. ಹುಟ್ಟಿದ್ದು ಕುರುಗೋಡಿನಲ್ಲಿ, ದುಡಿದದ್ದು ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ವಾಷಿಂಗ್ ಘಟಕದಲ್ಲಿ. ಹೊಸ ಜೀನ್ಸ್ ಬಟ್ಟೆ ಗಂಜಿ ಕುಡಿದು ರಟ್ಟಿನ ಹಾಗೆ ನಿಂತಿರುತ್ತದೆ. ಅದನ್ನು ಮೆತ್ತಗಾಗಿಸಲು ಡ್ರಮ್ಮಿನ ಬಿಸಿನೀರಿಗೆ ಒಂದು ಪುಡಿ ಹಾಕುತ್ತಾರೆ. ಆ ಪುಡಿಯಲ್ಲಿರುವುದು ಗಂಜಿ ತಿನ್ನುವ ಕಿಣ್ವ. ನಮ್ಮ ನಿಮ್ಮ ಜೊಲ್ಲಿನಲ್ಲಿರುವ ಕಿಣ್ವದ ಬಂಧುವೇ. ಮಾಮ ಮಾತ್ರ ಅದನ್ನು ಪುಡಿ ಎನ್ನುತ್ತಿರಲಿಲ್ಲ, ಕಿಣ್ವ ಎನ್ನುತ್ತಿರಲಿಲ್ಲ, 'ಅವರು' ಎನ್ನುತ್ತಿದ್ದ. ಊರಿನ ಹಿರಿಯರಿಗೆ ಹೇಳುವಂತೆ!

ಒಂದು ದಿನ ಕೇಳಿದ: "ಎಮ್ಮೆಸ್ಸಿ ಓದಿದಾಕಿ, ಖರೇ ಹೇಳು. ನೀರಿನ ಜೋಡಿ ಗಟಾರಕ್ಕ ಹೋಗ್ತಾರಲ್ಲ, ಆವಾಗ ಅವರಿಗೆ ಶಕ್ತಿ ಇರತೈತೋ, ಮುಗಿದಿರತೈತೋ?"

ಸುಳ್ಳು ಹೇಳಬಹುದಿತ್ತು. "ಇನ್ನೂ ಬೇಕಾದಷ್ಟು ದುಡಿಯಾಂಗ ಇರತಾವ ಮಾಮಾ" ಅಂದುಬಿಟ್ಟೆ. ಅಂದು ಮಾಮ ಊಟ ಬಿಟ್ಟ. "ದುಡಿಯೋರನ್ನ ಗಟಾರಕ್ಕ ಬಿಡೋದು ಯಾವ ನ್ಯಾಯ್ರಿ?" ಅಂತ ಘಟಕದ ಮಾಲೀಕರಾದ ಸಾಹೇಬರ ಎದುರೂ ಹೇಳಿದ. ಸಾಹೇಬರು ಗಡ್ಡ ಸವರಿಕೊಂಡು, "ಹೌದ್ರಿ ಭಾಯ್, ನಾಳಿಂದ ಪುಡಿಗೂ ಶುಕ್ರವಾರ ಛುಟ್ಟಿ ಕೊಡೋಣು" ಅಂದರು.

ನಗಬೇಡಿ. ನನ್ನ ಪಿಎಚ್‌ಡಿ ವಿಷಯ ಹುಟ್ಟಿದ್ದೇ ಆ ಗಟಾರದಲ್ಲಿ. ಅವ್ವನ ಕಡೆ, ಅಪ್ಪನ ಕಡೆ ಎರಡೂ ಸೇರಿಸಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ವಿಷಯ ಇಷ್ಟೇ: ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣ ಮಾಡುವುದು, ಕಣದ ತುಂಬ ತೂತು, ತೂತಿನೊಳಗೆ ಕಿಣ್ವವನ್ನು ಕೂರಿಸುವುದು. ಕೆಲಸ ಮುಗಿದ ಮೇಲೆ ಕಣವನ್ನು ನೀರಿನಿಂದ ಬೇರೆ ಮಾಡಿದರೆ ಕಿಣ್ವವೂ ವಾಪಸು. ಮತ್ತೆ ದುಡಿಮೆ! ಇದನ್ನು ಕೇಳಿ ಅವ್ವ ಹಣೆ ಚಚ್ಚಿಕೊಂಡಳು. "ಊರಿಗೆ ಊರೇ ಲಾರಿ ತಗೊಳ್ಳಾಕತ್ತೈತಿ. ಇವರಿಬ್ಬರು ಕಣ್ಣಿಗೆ ಕಾಣದೋರಿಗೆ ಮನಿ ಕಟ್ಟಾಕ ಹೊಂಟಾರ!"

ಮಾಮನಿಗೆ ಮಾತ್ರ ಅವರು ಕಾಣುತ್ತಿದ್ದರು. ಅದೂ ಮಧ್ಯಾಹ್ನ, ಕಣ್ಣು ಮುಚ್ಚಿದಾಗ. ಉಂಡ ಮೇಲೆ ಅವನು ಮಲಗುತ್ತಿದ್ದುದು ಆಗಷ್ಟೇ ಒಣಗಿ ಬಂದ ಪ್ಯಾಂಟುಗಳ ಗುಡ್ಡೆಯ ಮೇಲೆ. ನೂರಾರು ಕಾಲುಗಳ ಬೆಚ್ಚನೆಯ ಹಾಸಿಗೆ. ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಅದಿರಿನ ಕೆಂಪು ದೂಳು ನಿಧಾನಕ್ಕೆ ತಿರುಗುತ್ತಿತ್ತು, ಕೆಳಗೆ ನೆಲದ ಮೇಲೆ ನೀಲಿ ನೀರು ಹರಿಯುತ್ತಿತ್ತು, ನಡುವೆ ಮಾಮ ತೇಲುತ್ತಿದ್ದ. ಎದ್ದವನು ವರದಿ ಒಪ್ಪಿಸುತ್ತಿದ್ದ:

"ಸಿರುಗುಪ್ಪ ಬಸ್‌ಸ್ಟ್ಯಾಂಡಿನಾಗ ಕುಂತಿದ್ರಲೇ ಎಲ್ಲಾರೂ. ಕಂಕುಳಾಗ ಒಂದೊಂದು ಗಂಟು. ಮೈಯೆಲ್ಲಾ ನೀಲಿ. 'ನಮ್ಮ ಮನಿ ಯಾವ ಕಡೆ ಅಣ್ಣಾ?' ಅಂತ ಕೇಳಿದ್ರು. ಕುರುಗೋಡು ಗುಡ್ಡ ತೋರ್ಸಿದೆ. ನೋಡ್ತೀನಿ, ಗುಡ್ಡದ ತುಂಬ ಕಿಟಕಿ! ಒಂದೊಂದು ಕಿಟಕ್ಯಾಗ ಒಂದೊಂದು ದೀಪ."

ನನ್ನ ಸಂಶೋಧನೆಯನ್ನು ಇಷ್ಟು ಚೆಂದ ಯಾವ ಪತ್ರಿಕೆಯೂ ವಿವರಿಸಿಲ್ಲ.

ಸಿರುಗುಪ್ಪ ಕನಸಿಗೆ ಬಂದದ್ದು ಸುಮ್ಮನಲ್ಲ. ಆ ಸೂಕ್ಷ್ಮ ಕಣಗಳಿಗೆ ಬೇಕಾದ ಸಿಲಿಕಾ ಭತ್ತದ ಹೊಟ್ಟಿನ ಬೂದಿಯಲ್ಲಿದೆ ಎಂದು ನಾನು ಬಾಯಿ ತಪ್ಪಿ ಅಂದಿದ್ದೆ. ಮರುದಿನವೇ ಮಾಮ ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಒಂದು ಚೀಲ ಬಿಳಿ ಬೂದಿ ಹೊತ್ತು ಬಸ್ ಹತ್ತಿದ್ದ.

"ಚೀಲದಾಗ ಏನ್ರಿ?" ಎಂದ ಕಂಡಕ್ಟರ್.

"ಮನಿ ಅದಾವರಿ."

"ಮನಿ? ಎಷ್ಟು ಮನಿ?"

"ಲೆಕ್ಕ ಇಟ್ಟಿಲ್ರಿ."

ಆಗಿನ ಬಳ್ಳಾರಿಯಲ್ಲಿ ಎಷ್ಟು ಮನೆ ಇವೆಯೆಂದು ಲೆಕ್ಕ ಇಡದವರು ಇದ್ದರು, ಸುಳ್ಳಲ್ಲ. ಆದರೆ ಅವರು ಬಸ್ ಹತ್ತುತ್ತಿರಲಿಲ್ಲ. ವೇಷ ಮರೆಸಿಕೊಂಡ ಗಣಿ ಧಣಿಯೇ ಇರಬೇಕೆಂದು ಕಂಡಕ್ಟರ್ ತನ್ನ ಸೀಟು ಬಿಟ್ಟುಕೊಟ್ಟನಂತೆ!

ಬೂದಿಯಿಂದ ಮನೆಗಳೇನೋ ಎದ್ದವು. ಬಾಡಿಗೆದಾರರು ನಿಲ್ಲಬೇಕಲ್ಲ? ಸುಮ್ಮನೆ ನೆನೆಸಿಟ್ಟರೆ ಮೊದಲ ತೊಳೆತಕ್ಕೇ ಕಿಣ್ವವೆಲ್ಲ ಹೊರಗೆ. ಸರಿ, ಎರಡು ಕೈಯಿರುವ ಒಂದು ರಾಸಾಯನಿಕ ತಂದೆ. ಒಂದು ಕೈ ಗೋಡೆ ಹಿಡಿಯುತ್ತದೆ, ಇನ್ನೊಂದು ಕಿಣ್ವವನ್ನು ಹಿಡಿಯುತ್ತದೆ. ಈಗ ಕಿಣ್ವ ನಿಂತಿತು, ಆದರೆ ದುಡಿಯಲಿಲ್ಲ. ಪರೀಕ್ಷೆ ಬಹಳ ಸರಳ. ಗಂಜಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಕಿಣ್ವ ಗಂಜಿಯನ್ನು ತಿಂದಿದ್ದರೆ ನೀಲಿ ಬರುವುದಿಲ್ಲ. ನನ್ನ ಗಾಜಿನ ನಳಿಕೆಗಳಲ್ಲಿ ಎರಡು ವರ್ಷ ಬರೀ ನೀಲಿ! ನೀಲಿ! ಗೈಡ್ ಮೇಡಂ ಮೆತ್ತಗೇ ಹೇಳಿದರು: "ಈ ತಿಂಗಳು ನೋಡು. ಆಗದಿದ್ದರೆ ಬೇರೆ ವಿಷಯ ತಗೊಂಡು ಮೊದಲಿಂದ ಶುರು ಮಾಡು." ಮೊದಲಿಂದ ಶುರು ಮಾಡುವಷ್ಟು ವರ್ಷಗಳು ನಮ್ಮಂಥ ಮನೆಗಳಲ್ಲಿ ಹುಡುಗಿಯರಿಗೆ ಯಾರು ಕೊಡುತ್ತಾರೆ?

ಮಾಮನಿಗೆ ಹೇಳಿದೆ: "ಕಟ್ಟೋವಾಗ ಅವುಗಳ ಬಾಯೂ ಸೇರಿ ಕಟ್ಟಿ ಹೋಗತೈತಿ ಮಾಮಾ. ತಿನ್ನಾಕ ಆಗವಲ್ದು."

"ಖಾಲಿ ಬಾಯಾಗ ಕಟ್ಟಿದಿ?" ಮಾಮ ಬೆಚ್ಚಿಬಿದ್ದ. "ಹೊಸಾ ಹೋರಿಗೆ ಹಗ್ಗ ಹಾಕೋವಾಗ ಮೊದಲು ಬಾಯಿಗೊಂದು ತುತ್ತು ಕೊಡತಾರ್ಲೇ. ಅದು ಮೇಯೋದ್ರಾಗ ಇರತೈತಿ, ಇವರು ಕಟ್ಟಿ ಮುಗಿಸಿರತಾರ."

"ಇದು ರಸಾಯನಶಾಸ್ತ್ರ ಮಾಮಾ, ದನದ ಕೊಟ್ಟಿಗಿ ಅಲ್ಲ" ಅಂದೆ. ಪದವಿಯ ಕೊಬ್ಬು, ಇನ್ನೇನು!

ಮರುದಿನ ಮಧ್ಯಾಹ್ನ ನನಗೆ ಬುತ್ತಿ ಕೊಡಲು ಪ್ರಯೋಗಾಲಯಕ್ಕೆ ಬಂದ. ಕಣ ಮತ್ತು ಕಿಣ್ವ ಬೆರೆಸಿದ ಬೀಕರನ್ನು ಮಂಜುಗಡ್ಡೆಯ ಮೇಲಿಟ್ಟು, ಆ ಎರಡು ಕೈಯ ರಾಸಾಯನಿಕವನ್ನು ತೂಗಿ ತರಲು ನಾನು ಪಕ್ಕದ ಕೋಣೆಗೆ ಹೋಗಿದ್ದೆ. ವಾಪಸು ಬಂದರೆ ಮಾಮ ಡಬ್ಬಿಯ ಗಂಜಿಯ ತಿಳಿಯನ್ನು ಚಮಚದಲ್ಲಿ ಬೀಕರಿಗೆ ಹಾಕುತ್ತಿದ್ದಾನೆ, ಮಗುವಿಗೆ ಔಷಧಿ ಕುಡಿಸುವ ಹಾಗೆ!

"ಒಂದ ತುತ್ತು ಹಾಕೀನಿ. ಜಾಸ್ತಿ ಇಲ್ಲ" ಅಂದ.

ನಾನು ಕಿರುಚಿದೆ. ಏನೇನು ಅಂದೆನೋ ಎಲ್ಲ ಬರೆಯಲಾರೆ. "ನಿನ್ನ ಗಟಾರಕ್ಕ ಹೋಗು!" ಅಂದದ್ದು ಮಾತ್ರ ಇಂದಿಗೂ ಕಿವಿಯಲ್ಲಿದೆ. ಮಾಮ ಡಬ್ಬಿಯ ಮುಚ್ಚಳ ಹಾಕಿ, ಮೇಜಿನ ಮೇಲೆ ಬಿದ್ದ ಒಂದು ಹನಿಯನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ಹೋದ.

ಸೀಸೆಯಲ್ಲಿ ಉಳಿದಿದ್ದ ಕೊನೆಯ ಕಿಣ್ವ ಅದು. ಬಿಸಾಡಲು ಮನಸ್ಸಾಗದೆ, ಸಿಟ್ಟಿನಲ್ಲೇ ಮುಂದಿನ ಕೆಲಸ ಮುಗಿಸಿದೆ. ಕಟ್ಟಿದೆ, ಹಲವು ಸಲ ತೊಳೆದೆ. ಮರುದಿನ ಹೊಸ ಗಂಜಿ ಕೊಟ್ಟು, ಹೊತ್ತು ನೋಡಿ, ಅಯೋಡಿನ್ ಬಿಟ್ಟೆ.

ನೀಲಿ ಬರಲಿಲ್ಲ. ಬೆಳಗಿನ ಬಿಸಿಲಿನಷ್ಟು ತೆಳು ಹಳದಿ. ಇನ್ನೊಂದು ನಳಿಕೆ. ಅದೂ ಹಳದಿ! ತಣ್ಣಗಿದ್ದ ಬೀಕರಿನಲ್ಲಿ ಬೇಗ ತಿಂದು ಮುಗಿಸಲಾಗದೆ ಕಿಣ್ವಗಳು ಮಾಮ ಕೊಟ್ಟ ತುತ್ತನ್ನು ಬಾಯಲ್ಲಿ ಹಿಡಿದುಕೊಂಡೇ ಇದ್ದವು. ಬಾಯಿ ತುಂಬಿದ್ದರಿಂದ ಹಗ್ಗ ಬೆನ್ನಿಗೆ ಬಿದ್ದಿತ್ತು.

ಒಂದು ವಾರ ಅದೇ ಕಿಣ್ವವನ್ನು ಮತ್ತೆ ಮತ್ತೆ ದುಡಿಸಿ ನೋಡಿ ಕೌಲ್ ಬಜಾರಿಗೆ ಓಡಿದೆ. ಮಾಮ ಪ್ಯಾಂಟಿನ ಗುಡ್ಡೆಯ ಮೇಲಿದ್ದ. ಕಣ್ಣು ತೆರೆಯದೆಯೇ ಕೇಳಿದ: "ಎಷ್ಟು ಸಲ ತಿರುಗಿ ಬಂದ್ರು?"

"ಎಂಟು ಸಲ."

"ಉಣ್ಣಾಕ ಕೊಟ್ಟೋರ ಮನಿಗೆ ಬರತಾರ ಬಿಡು."

ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಬದಲಿಗೆ, ಈ ಉಪಾಯ ಹಳೆಯದೇ, ಪುಸ್ತಕದಲ್ಲಿ ಮೊದಲೇ ಇದೆ, ನಾನು ಓದಿರಲಿಲ್ಲ ಅಂದೆ. ಮಾಮನಿಗೆ ಒಂಚೂರೂ ಬೇಜಾರಾಗಲಿಲ್ಲ. "ಹಂಗಾರ ಪುಸ್ತಕ ಬರದಾತನೂ ದನ ಕಟ್ಟಿದ ಮನಷ್ಯಾನ ಇರಬೇಕು!"

ಮೌಖಿಕ ಪರೀಕ್ಷೆಯ ದಿನ ಬಂತು. ಜನ ತುಂಬಿದ ಕಾರಿಡಾರಿನಲ್ಲಿ ಕೂತಿದ್ದೆ, ಬೆಳಗಿನಿಂದ ನೀರೂ ಇಳಿದಿರಲಿಲ್ಲ. ಒಳಗೆ ಹೋಗಿ ಏನು ಹೇಳಲಿ, ಓಡಿಹೋಗಲೇ ಎನ್ನಿಸುತ್ತಿತ್ತು. ಬಿಳಿ ಅಂಗಿ ತೊಟ್ಟ ಮಾಮ ಬಂದು ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದ.

"ಬ್ಯಾಡ ಮಾಮಾ."

"ಸಾಲಿಗೆ ಸೇರ್ಸಿದ ದಿನಾನೂ ಹಿಂಗ ಅಂದಿದ್ದಿ. ಮನಿ ಕಂಬ ಹಿಡ್ಕೊಂಡು ಒಂದ ಸವನ ಅಳಾಕತ್ತಿದ್ದಿ. ನಿಮ್ಮವ್ವ ಹೊಡ್ಯಾಕ ಬಂದ್ಲು. ನಾ ಬಾಯಿಗೊಂದು ತುತ್ತು ಇಟ್ಟು ಎತ್ಕೊಂಡು ಹೋದೆ. ನೀ ನುಂಗೋದ್ರಾಗ ಸಾಲ್ಯಾಗಿದ್ದಿ."

ನನಗೆ ನೆನಪಿರಲಿಲ್ಲ. ಅಷ್ಟು ವರ್ಷ ಅವನು ಅದನ್ನು ನೆನಪಿಟ್ಟಿದ್ದ. ಹೋರಿಯ ಮಾತನ್ನು ಅವನು ಯಾರನ್ನು ನೆನೆದು ಆಡಿದ್ದನೆಂದು ಆಗ ಹೊಳೆಯಿತು.

"ಬಾಯಿ ತೆಗಿ."

ಉಗುರಿನ ಸಂದಿಯಲ್ಲಿ ಎಂದೂ ಹೋಗದ ನೀಲಿ ಇದ್ದ ಆ ಕೈ ನನ್ನ ಮುಖದ ಹತ್ತಿರ ಬಂತು. ಅಷ್ಟು ಜನರ ಎದುರು ಬಾಯಿ ತೆರೆದೆ. ಒಳಗಿನಿಂದ ನನ್ನ ಹೆಸರು ಕರೆದರು. ನುಂಗುತ್ತಾ ಎದ್ದೆ.