ಯಾರೂ ಕೂರದ ಕಂಪ್ಯೂಟರ್

ಮಧ್ಯಾಹ್ನ ಹನ್ನೆರಡು ನಲವತ್ತು. ಗಾಂಗ್‌ಶಾನ್ ಊರಿನ ತಿರುಪುಮೊಳೆ ಕಾರ್ಖಾನೆಯಲ್ಲಿ ಮೇಲಿನ ಕಚೇರಿಗೂ ಕೆಳಗಿನ ಯಂತ್ರಗಳಿಗೂ ಸಂಪರ್ಕ ಕಡಿದುಹೋಗಿತ್ತು. ಅದನ್ನು ಕಂಡವನು ಕಂಪ್ಯೂಟರ್ ನೋಡಿಕೊಳ್ಳುವ ಹೊಸ ಹುಡುಗ ಪೋ-ಜೆನ್ ಒಬ್ಬನೇ. ಉಳಿದವರೆಲ್ಲ ದೀಪ ಆರಿಸಿ, ಮೇಜಿಗೆ ತಲೆಯಾನಿಸಿ, ಊಟದ ನಂತರದ ನಿದ್ದೆಯಲ್ಲಿದ್ದರು.

ಅವನಿಗೆ ನಿದ್ದೆ ಬರುವಂತಿರಲಿಲ್ಲ. ಎರಡು ಗಂಟೆಗೆ ಒಸಾಕಾದ ಗಿರಾಕಿಯ ಎದುರು, ಮೇಲಿಂದ ಕೊಟ್ಟ ಆರ್ಡರ್ ಕೆಳಗಿನ ಯಂತ್ರಕ್ಕೆ ತಲುಪುವುದನ್ನು ತೋರಿಸಬೇಕಿತ್ತು. ಮೂರಕ್ಕೆ ಯಜಮಾನ ಕೋ ಅವನ ಕೆಲಸ ಖಾಯಂ ಮಾಡುವವರಿದ್ದರು. ಮೇಲಿನ ಜಾಲಕ್ಕೂ ಕೆಳಗಿನ ಜಾಲಕ್ಕೂ ಅವನು ಕಟ್ಟಿದ ಸೇತುವೆಯೆಂದರೆ, ಬೆನ್ನಿಗೆ ಎರಡು ತಂತಿ ಸಿಕ್ಕಿಸಿಕೊಂಡ ಒಂದು ಹಳೆಯ ಕಂಪ್ಯೂಟರ್. “ಬಂಡೆ ಇದ್ದಂಗಿದೆ ಯಜಮಾನ್ರೇ” ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ.

ಆ ಬಂಡೆ ಇದ್ದದ್ದು ಹಿರಿಯ ಗುಮಾಸ್ತೆ ಲಾನ್-ಯಿಂಗ್ ಅಕ್ಕನ ಮೇಜಿನ ಕೆಳಗೆ. ಪೋ-ಜೆನ್ ಬೂಟು ಕಳಚಿ, ಹಾಲಿಗೆ ಹೊರಟ ಬೆಕ್ಕಿನಂತೆ ಕತ್ತಲಲ್ಲಿ ತೆವಳಿದ. ಗುಂಡಿ ತಡಕಿದ ಕೈಗೆ ಸಿಕ್ಕಿದ್ದು ಅಕ್ಕನ ಕಾಲ್ಬೆರಳು.

“ಅಯ್ಯಯ್ಯೋ, ಇಲಿ!”

ದೀಪ ಹೊತ್ತಿತು. ಕೆನ್ನೆಯ ಮೇಲೆ ಅಂಗಿತೋಳಿನ ಗೀರು ಹೊತ್ತ ಹನ್ನೆರಡು ಮುಖಗಳು ಮೇಲೆದ್ದವು.

“ಇಲಿಗೆ ಕನ್ನಡಕ ಬೇರೆ ಇದೆ ನೋಡ್ರಪ್ಪಾ” ಎಂದ ಮಾರಾಟದ ಜಿನ್-ಟೆಂಗ್.

“ಕಂಪ್ಯೂಟರ್ ನಿಂತೋಗಿದೆ!” ಎಂದ ಪೋ-ಜೆನ್.

“ಯಂತ್ರ ಕೆಡದಿರ್ಲಿ ಅಂತ ಎಲ್ಲರೂ ಇಡೋ ಹಸಿರು ಪೊಟ್ಟಣದ ತಿಂಡಿ ಅದರ ಮೇಲೆ ಇಟ್ಟಿದ್ಯಾ?” ಎಂದ ಜಿನ್-ಟೆಂಗ್. “ ಅದಿಲ್ದೆ ಯಾವ ಯಂತ್ರ ನೆಟ್ಟಗೆ ಓಡುತ್ತೆ?”

“ಇಟ್ಟಿದ್ದೀನಿ!”

“ಹಳಸಿರ್ಬೇಕು. ತಾರೀಕು ನೋಡು.”

ಅಷ್ಟರಲ್ಲಿ ಯಜಮಾನರು ಕೋಣೆಯಿಂದ ಹೊರಬಂದರು. ಅವರ ಸೋಫಾದಲ್ಲಿ ಮಲಗಿದ್ದ ಗಿರಾಕಿಯೂ ಕತ್ತು ಹಿಡಿದುಕೊಂಡು ಹಿಂದೆ ನಿಂತ.

“ಏನಯ್ಯಾ ಗಲಾಟೆ?”

“ಸಂಪರ್ಕ ಹೋಗಿದೆ ಯಜಮಾನ್ರೇ. ಇದೊಂದು ಪೆಟ್ಟಿಗೆ ನಿಂತ್ರೆ ಕೆಳಕ್ಕೆ ಏನೂ ಹೋಗಲ್ಲ.” ಗಾಬರಿಯಲ್ಲಿ ನಿಜ ಬಾಯಿಬಿಟ್ಟಿದ್ದ.

ಲಾನ್-ಯಿಂಗ್ ಅಕ್ಕ ಆಕಳಿಸಿದರು. “ನಾನೇ ಆರಿಸಿದ್ದು ಕಣೋ. ಯಾರೂ ಕೂರದ ಕಂಪ್ಯೂಟರ್‌ಗೆ ಮಲಗೋ ಹೊತ್ತಲ್ಲಿ ಕರೆಂಟ್ ಯಾಕೆ? ನೀನು ತಂದಿಟ್ಟ ದಿನದಿಂದ ದಿನಾ ಆರಿಸ್ತೀನಿ, ಒಂದೂವರೆಗೆ ಹಾಕ್ತೀನಿ. ಆ ಹೊತ್ತಲ್ಲಿ ಕೆಳಗಿನೋರೂ ಮಲಗಿರ್ತಾರೆ. ಇಷ್ಟು ದಿನ ಯಾರಿಗೆ ಗೊತ್ತಾಯ್ತು? ನೀನೂ ಸುಮ್ನೆ ಮಲಗಿದ್ರೆ ಇವತ್ತೂ ಗೊತ್ತಾಗ್ತಿರಲಿಲ್ಲ.”

ಆಕೆ ಕಾಲ್ಬೆರಳಿನಿಂದಲೇ ಗುಂಡಿ ಒತ್ತಿದರು. ಎರಡು ನಿಮಿಷದಲ್ಲಿ ಸಂಪರ್ಕ ಮರಳಿತು.

ಗಿರಾಕಿ ಯಜಮಾನರತ್ತ ತಿರುಗಿ ವಿನಯದಿಂದ ಕೇಳಿದ: “ನಿಮ್ಮ ಕಾರ್ಖಾನೆ ಪೂರ್ತಿ ಈ ಅಮ್ಮನ ಕಾಲಡಿ ಇದೆಯಾ?”

ಎರಡು ಗಂಟೆಗೆ ಆರ್ಡರ್ ಸರಾಗವಾಗಿ ಕೆಳಗಿಳಿಯಿತು. ಮೂರು ಗಂಟೆಗೆ ಯಜಮಾನರು ಸಹಿಯನ್ನೂ ಹಾಕಿದರು. ಪೋ-ಜೆನ್‌ನನ್ನು ಇನ್ನೂ ಆರು ತಿಂಗಳು ಪರೀಕ್ಷಾವಧಿಯಲ್ಲೇ ಇರಿಸುವ ಕಾಗದ ಅದು.