ಸೈಕಲ್ ಪ್ರವಾಸಕ್ಕೆ ಹೋದ ನಮ್ಮ ಅತ್ತೆಯವರನ್ನು ಹಿಂದಿರುಗಿಸುವ ಕುರಿತು

ನಿಧಾನ ಸೈಕಲ್ ಪ್ರವಾಸ ಸಂಸ್ಥೆಯ ಮಾಲೀಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಸೈಕಲ್ಲುಗಳೂ ಕ್ಷೇಮವೆಂದು ನಂಬಿ, ತಮ್ಮ ಯಾವ ಚಕ್ರಕ್ಕೂ ಎಂದೂ ಮುಳ್ಳು ಚುಚ್ಚದಿರಲೆಂದು ಮನಸಾರೆ ಹಾರೈಸಿ, ಸೊಂಟದ ಕೆಳಗಿನ ನೋವು ಕುರ್ಚಿಯಲ್ಲಿ ಕೂರಲು ನನಗೆ ಇಂದಷ್ಟೇ ಅಪ್ಪಣೆ ಕೊಟ್ಟಿರುವುದರಿಂದ, ಈ ಪತ್ರವನ್ನು ತಮಗೂ ತಮ್ಮ ಮೂಲಕ ಲೋಕಕ್ಕೂ ಬರೆಯುತ್ತಿದ್ದೇನೆ. ನಾನು ಒಂದು ಲಿಫ್ಟ್ ಕಂಪನಿಯ ದೂರು ವಿಭಾಗದ ಮುಖ್ಯಸ್ಥ. ಮಹಡಿಗಳ ನಡುವೆ ಸಿಕ್ಕಿಕೊಂಡವರ ಸಿಟ್ಟಿಗೆ ಸಮಾಧಾನದ ಉತ್ತರ ಬರೆದು ತಲೆ ನರೆಸಿಕೊಂಡವನು. ಸ್ವಂತ ದೂರು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಎಲ್ಲಿಯಾದರೂ ಬೈಗುಳ ಕಡಿಮೆಯಾಗಿದ್ದರೆ ತಾವೇ ಸೇರಿಸಿಕೊಂಡು ಓದಬೇಕಾಗಿ ವಿನಂತಿ.

ತಮ್ಮ ಜಾಹೀರಾತಿನಲ್ಲಿ ಹೀಗಿತ್ತು: ‘ಯಾವ ಅವಸರವೂ ಇಲ್ಲ. ಸಣ್ಣ ಊರುಗಳು, ಒಳ್ಳೆಯ ಊಟ, ದಾರಿಯುದ್ದಕ್ಕೂ ನೆರಳು. ಹೊಸಬರಾಗಿ ಮರಳಿ.’ ಜಾಹೀರಾತಿನಲ್ಲಿ ಹೇಳಿದ್ದು ನಡೆಯುವುದಿಲ್ಲ ಎಂಬ ಸಭ್ಯ ಒಪ್ಪಂದದ ಮೇಲೆ ಈ ಜಗತ್ತು ನಿಂತಿದೆ. ನಮ್ಮ ಲಿಫ್ಟು ಗಾಳಿಯಂತೆ ಏರುತ್ತದೆಂದು ನಾವೂ ಬರೆಯುತ್ತೇವೆ, ಜನ ನಕ್ಕು ಮೆಟ್ಟಿಲು ಹತ್ತುತ್ತಾರೆ, ಯಾರಿಗೂ ತೊಂದರೆಯಿಲ್ಲ. ತಾವಾದರೋ ಆ ಒಪ್ಪಂದವನ್ನು ಮುರಿದು, ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡಿಬಿಟ್ಟಿರಿ. ನನ್ನ ದೂರು ಇಷ್ಟೇ. ಅವಸರವಿರಲಿಲ್ಲ, ಊಟ ಚೆನ್ನಾಗಿತ್ತು, ನೆರಳಿತ್ತು, ನಮ್ಮ ಅತ್ತೆಯವರು ಹೊಸಬರಾದರು. ಮರಳಲಿಲ್ಲ.

ಅತ್ತೆಯವರೆಂದರೆ ನನ್ನ ಪತ್ನಿಯ ತಾಯಿ. ಮಾವನವರು ತೀರಿಕೊಂಡ ಮೇಲೆ, ನಮಗೆ ಅವಳಿ ಮಕ್ಕಳಾದಾಗ, ಒಂದೇ ಒಂದು ಕೈಚೀಲ ಹಿಡಿದು ‘ಒಂದು ತಿಂಗಳ ಮಟ್ಟಿಗೆ’ ಎಂದು ಬಂದವರು. ಆ ತಿಂಗಳು ಮುಗಿಯುವುದರೊಳಗೆ ಮಕ್ಕಳು ಐದನೆಯ ತರಗತಿಗೆ ಬಂದಿದ್ದಾರೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರು, ಕೊನೆಗೆ ಮಲಗುವವರೂ ಅವರೇ. ನನ್ನ ಅಂಗಿಯ ಕಾಲರು ಇಸ್ತ್ರಿಯಾಗುವುದು, ಮಕ್ಕಳ ಡಬ್ಬಿ ತುಂಬುವುದು, ಬಾಲ್ಕನಿಯ ಗಿಡಗಳು ಸಾಯದೆ ಇರುವುದು, ಇವೆಲ್ಲ ಸೂರ್ಯೋದಯದ ಹಾಗೆ ತಾವಾಗಿಯೇ ಆಗುವ ಸಂಗತಿಗಳೆಂದು ನಾನು ತಿಳಿದಿದ್ದೆ. ಊಟವನ್ನು ಅವರು ಎಲ್ಲರದ್ದೂ ಆದ ಮೇಲೆ, ಒಲೆಯ ಪಕ್ಕ, ನಿಂತುಕೊಂಡೇ ಮಾಡುತ್ತಿದ್ದರು. ಅದು ಅವರ ಇಷ್ಟವಿರಬೇಕೆಂದು ನಾವು ಯಾರೂ ಒಂದು ದಿನವೂ ಅಡ್ಡಿಪಡಿಸಿದವರಲ್ಲ. ಹಿರಿಯರ ಸ್ವಾತಂತ್ರ್ಯಕ್ಕೆ ನಮ್ಮ ಮನೆಯಲ್ಲಿ ಅಷ್ಟು ಬೆಲೆ. ಏನು ಕೇಳಿದರೂ “ನಂದೇನಿದೆ ಬಿಡಿ” ಎನ್ನುತ್ತಿದ್ದರು. ನಾವೂ ಬಿಡುತ್ತಿದ್ದೆವು.

ಇಂಥ ನಿರಪಾಯಕಾರಿ ಹೆಂಗಸನ್ನು ತಮ್ಮ ಪ್ರವಾಸಕ್ಕೆ ಕರೆತರಲು ಕಾರಣವೂ ತಾವೇ. ‘ಇಬ್ಬರು ಬಂದರೆ ಮೂರನೆಯವರಿಗೆ ಉಚಿತ’ ಎಂದು ಕೆಂಪು ಅಕ್ಷರದಲ್ಲಿ ಹಾಕಿದವರು ಯಾರು? ಮಕ್ಕಳನ್ನು ನನ್ನ ಅಣ್ಣನ ಮನೆಯಲ್ಲಿ ಬಿಟ್ಟೆವು. ಅತ್ತೆಯವರು ಸಾಮಾನಿನ ವ್ಯಾನಿನಲ್ಲಿ ಕೂತು ನಮ್ಮ ಚೀಲಗಳನ್ನು ಕಾಯುವುದು, ಸಂಜೆ ನಮ್ಮ ಬೆವರಿನ ಬಟ್ಟೆಗಳನ್ನು ಒಂದಿಷ್ಟು ಹಿಂಡಿ ಹಾಕುವುದು ಎಂದು ಏರ್ಪಾಡಾಯಿತು. ಅವರಿಗೂ ಒಂದು ಬದಲಾವಣೆ ಬೇಕಲ್ಲವೇ? ಬೇರೆ ಬೇರೆ ಊರಿನ ನೀರಿನಲ್ಲಿ ಬಟ್ಟೆ ಒಗೆಯುವ ಭಾಗ್ಯ ಎಷ್ಟು ಜನರಿಗಿದೆ!

ಮೊದಲ ಬೆಳಗ್ಗೆಯೇ ತಮ್ಮ ಮಾರ್ಗದರ್ಶಕ ಇದನ್ನೆಲ್ಲ ಕೆಡಿಸಿದ. ಏರಿನಲ್ಲೂ ಸಿಳ್ಳೆ ಹಾಕುತ್ತಲೇ ಸೈಕಲ್ ತುಳಿಯುವ ಅವನನ್ನು ನಮ್ಮ ತಂಡದವರೆಲ್ಲ ಸಿಳ್ಳೆ ಎಂದೇ ಕರೆಯುತ್ತಿದ್ದರು. ಅವನು ವ್ಯಾನಿನ ಬಾಗಿಲಲ್ಲಿ ನಿಂತಿದ್ದ ಅತ್ತೆಯವರ ಬಳಿ ಹೋಗಿ, “ಅಮ್ಮಾ, ನಿಮಗೆ ಸೈಕಲ್ ಬರುತ್ತಾ?” ಎಂದು ಕೇಳಿದ. ಕೇಳಬಾರದ ಪ್ರಶ್ನೆ. ಅತ್ತೆಯವರು ಚೀಲಗಳನ್ನು ಕೆಳಗಿಟ್ಟು, “ಮದ್ವೆಗೆ ಮುಂಚೆ ನಮ್ಮಣ್ಣನ ಸೈಕಲ್‌ನಲ್ಲಿ ಮನೆಮನೆಗೆ ಹಾಲು ಹಾಕ್ತಿದ್ದೆ” ಎಂದರು. ನನ್ನ ಪತ್ನಿ ಬಾಯಿ ತೆರೆದು, “ಅಮ್ಮಾ! ನೀನು ಹೇಳೇ ಇಲ್ವಲ್ಲ!” ಎಂದಳು. ಅಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಜಡೆ ತುರುಕುತ್ತಿದ್ದ ಅತ್ತೆಯವರು, “ನೀವು ಕೇಳೇ ಇಲ್ವಲ್ಲ” ಎಂದರು. ಹಳದಿ ಸೈಕಲ್ಲೊಂದು ಎರಡು ಸಲ ಓಲಾಡಿತು, ಮೂರನೆಯ ಸಲ ನೆಟ್ಟಗಾಯಿತು, ಆಮೇಲೆ ತಿರುವಿನಲ್ಲಿ ಮರೆಯಾಯಿತು.

ನಾನು ಈ ಪ್ರವಾಸಕ್ಕೆ ಮಾಡಿಕೊಂಡದ್ದು ಸಾಮಾನ್ಯ ತಯಾರಿಯಲ್ಲ. ಬೆರಳಿಲ್ಲದ ಕೈಗವಸು, ಕಣಜದ ಕಣ್ಣಿನಂಥ ಕನ್ನಡಕ, ಹಿಂಭಾಗಕ್ಕೆ ಮೆತ್ತೆ ಹೊಲಿದ ಚಡ್ಡಿ, ಎಲ್ಲವೂ ಇದ್ದವು. ಇಲ್ಲದ್ದು ಉಸಿರೊಂದೇ. ತಾವು ‘ಸಣ್ಣ ದಿಬ್ಬ’ ಎಂದು ಕರೆದ ಆ ಪರ್ವತದ ಬುಡದಲ್ಲಿ, ಎರಡನೆಯ ದಿನ ಮಧ್ಯಾಹ್ನವೇ, ನಾನು ತಮ್ಮ ವ್ಯಾನನ್ನು ಸೇರಿದೆ. ಚಾಲಕ ಮಹಾಶಯ ಪಕ್ಕದ ಸೀಟನ್ನು ಅಂಗೈಯಿಂದ ಒರೆಸಿ, “ಬನ್ನಿ ಸಾರ್, ಪ್ರತಿ ಸಲ ಒಬ್ರು ಇರ್ತಾರೆ. ನಿನ್ನೇನೇ ಬರ್ತೀರಾ ಅಂದ್ಕೊಂಡಿದ್ದೆ” ಎಂದ. ಅವನ ಔದಾರ್ಯವನ್ನು ಎಂದೂ ಮರೆಯಲಾರೆ. ಹೀಗೆ ಅತ್ತೆ ಸೈಕಲ್ಲಿನ ಮೇಲೆ, ಅಳಿಯ ಚೀಲಗಳ ಕಾವಲಿಗೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದ ಹಿರಿಯರು ಅಳಿಯನಿಗೆ ಯಾವ ಕಾಲ ಎಂಬುದನ್ನು ಹೇಳದೆ ಹೋಗಿಬಿಟ್ಟರು.

ಇನ್ನು ಊಟದ ವಿಷಯ. ಸೇತುವೆಯ ಪಕ್ಕದ ಆ ಪುಟ್ಟ ಹೋಟೆಲಿನಲ್ಲಿ ತಾವು ಏರ್ಪಡಿಸಿದ್ದ ಕುಂಬಳಕಾಯಿ ಸೂಪು, ಮುರಿದರೆ ಹಬೆಯಾಡುವ ರೊಟ್ಟಿ, ಜೇನಿನಲ್ಲಿ ಬೇಯಿಸಿದ ಹಣ್ಣು, ಇವುಗಳಲ್ಲಿ ಒಂದು ಕೂದಲಾದರೂ ಸಿಕ್ಕೀತೇ ಎಂದು ನಾನು ಶ್ರದ್ಧೆಯಿಂದ ಹುಡುಕಿದೆ. ಸಿಗಲಿಲ್ಲ. ಅತ್ತೆಯವರು ಅಭ್ಯಾಸಬಲದಿಂದ ಎದ್ದು ಎಲ್ಲರ ತಟ್ಟೆ ಜೋಡಿಸತೊಡಗಿದರು. ಬಡಿಸುವಾಕೆ ಬಂದು, ತಟ್ಟೆಗಳನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು, ಕುರ್ಚಿ ಎಳೆದು, “ಕೂತ್ಕೊಳ್ಳಿ, ನಿಮ್ದಿನ್ನೂ ಆಗಿಲ್ಲ” ಎಂದಳು. ಅತ್ತೆಯವರು ಕೂತರು. ಒಂದು ಚಮಚ ಬಾಯಿಗಿಟ್ಟು ತಡೆದು, “ಬಿಸಿ ಇದೆ” ಎಂದರು. ನಾಲಿಗೆ ಸುಟ್ಟಿತೆಂದು ಹೆದರಿದ ಪತ್ನಿ ನೀರಿನ ಲೋಟ ಮುಂದೆ ಮಾಡಿದಳು. “ಸುಡ್ಲಿಲ್ಲ ಕಣೇ. ಬಿಸಿ ಇದೆ, ಅಷ್ಟೇ.” ಪತ್ನಿ ಆಮೇಲೆ ತನ್ನ ಸೂಪು ಮುಟ್ಟಲಿಲ್ಲ. ಒಂದು ಬಟ್ಟಲು ಸೂಪಿನಿಂದ ಒಂದು ಸಂಸಾರದ ನೆಮ್ಮದಿ ಹೀಗೆ ಕಲಕಬಹುದೆಂದು ತಮ್ಮ ಜಾಹೀರಾತಿನಲ್ಲಿ ಎಲ್ಲಿಯೂ ಎಚ್ಚರಿಕೆ ಇರಲಿಲ್ಲ.

ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ತಂಡದ ಹಲ್ಲಿನ ಡಾಕ್ಟರು ಸೋತರು. ಭಾರೀ ಆಳು, ಭಾರೀ ಸ್ವಾಭಿಮಾನಿ. ವ್ಯಾನು ಹತ್ತಲೊಲ್ಲರು. ಒಂದು ಹಿಟ್ಟಿನ ಗಿರಣಿಯ ಮುಂದೆ ಸೈಕಲ್ ಮಲಗಿಸಿ, ಕಲ್ಲಿನ ಮೇಲೆ ಕೂತು, ತಾನಿನ್ನು ಎಲ್ಲಿಗೂ ಬರುವುದಿಲ್ಲವೆಂದು ಸಾರಿದರು. ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ಹಿಂದೆ ಬರುತ್ತಿದ್ದ ಅತ್ತೆಯವರು ಇಳಿದು ಪಕ್ಕದಲ್ಲಿ ಕೂತರಂತೆ. ಸಮಾಧಾನ ಹೇಳಲಿಲ್ಲ, ಹುರಿದುಂಬಿಸಲಿಲ್ಲ. ಚೀಲದಿಂದ ಹಣ್ಣು ತೆಗೆದು ಅವರಿಗೊಂದು ಕೊಟ್ಟು, ತಾವೊಂದು ತಿಂದು, “ನಂಗೂ ಸುಸ್ತಾಗಿದೆ. ಬನ್ನಿ, ಇಬ್ರೂ ಸೇರಿ ನಿಧಾನಕ್ಕೆ ಸುಸ್ತಾಗೋಣ” ಎಂದರಂತೆ. ಇದನ್ನು ಆ ಡಾಕ್ಟರೇ ರಾತ್ರಿಯ ಊಟದ ಮೇಜಿನಲ್ಲಿ, ಕಣ್ಣು ಒರೆಸಿಕೊಳ್ಳುತ್ತ, ಎಲ್ಲರಿಗೂ ಹೇಳಿದರು. ಅವರಿಬ್ಬರೂ ಬಂದು ತಲುಪುವವರೆಗೆ ಆ ಊರಿನ ಹೋಟೆಲಿನವರು ಯಾರಿಗೂ ಬಡಿಸಲಿಲ್ಲವೆಂಬುದನ್ನು, ದಿನವಿಡೀ ವ್ಯಾನಿನಲ್ಲಿ ಶ್ರಮಿಸಿ ಹಸಿದಿದ್ದ ನಾನು, ಇಲ್ಲಿ ಪ್ರತ್ಯೇಕವಾಗಿ ದಾಖಲಿಸಲು ಬಯಸುತ್ತೇನೆ.

ಮರುದಿನ ಇನ್ನೊಂದು ಅನ್ಯಾಯವಾಯಿತು. ವ್ಯಾನು ಒಂದು ಇಳಿಜಾರಿನ ಕೆಳಗೆ ನಿಂತಿತ್ತು. ಮೇಲಿನಿಂದ ಯಾರೋ ಹೆಂಗಸು ಬ್ರೇಕು ಬಿಟ್ಟು, ಎರಡೂ ಕಾಲು ಚಾಚಿ, ಜೋರಾಗಿ ನಗುತ್ತ ಬರುತ್ತಿದ್ದರು. ಆ ನಗು ಕೇಳಿ ನಾನು ಚಾಲಕನಿಗೆ, “ಯಾರ್ರೀ ಅದು, ಈ ಊರಿನವರಾ?” ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿದ. “ನಿಮ್ಮತ್ತೆ ಸಾರ್” ಎಂದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ನಗು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವನ್ನು ನನ್ನ ಅನುಮತಿಯಿಲ್ಲದೆ ಹೊರತೆಗೆದದ್ದಕ್ಕೆ ಹೊಣೆ ಯಾರು? ದಯವಿಟ್ಟು ಉತ್ತರಿಸಿ.

ಕೊನೆಯ ದಿನದ ಊಟಕ್ಕೆ ತಾವೇ ಖುದ್ದಾಗಿ ಬಂದಿರಿ. ಆಗ ತಮ್ಮ ವಿನಯ ಕಂಡು ನಾನು ಮಾರುಹೋಗಿದ್ದೆ. ಬೆಣ್ಣೆಯಲ್ಲಿ ಹುರಿದ ಅಣಬೆ ಬಂತು, ಹಳೆಯ ಚೀಸು ಬಂತು, ಅವುಗಳ ಹಿಂದೆಯೇ ತಮ್ಮ ಮಾತೂ ಬಂತು: ತಂಡದ ಬಾಲದಲ್ಲಿ ಸೈಕಲ್ ತುಳಿಯುತ್ತಿದ್ದವರು ಕೆಲಸ ಬಿಟ್ಟಿದ್ದಾರೆ, ಆ ಜಾಗಕ್ಕೆ ಅತ್ತೆಯವರು ಬರುವರೇ ಎಂದು. ಅತ್ತೆಯವರು, “ಏನು ಮಾಡ್ಬೇಕು?” ಎಂದರು. “ಎಲ್ಲರಿಗಿಂತ ಹಿಂದೆ ಬರೋದು, ಯಾರನ್ನೂ ಹಿಂದೆ ಬಿಡದೆ” ಎಂದಿರಿ ತಾವು. “ಅಡುಗೆ?” ಎಂದು ಕೇಳಿದರು ಅವರು. “ಅಡುಗೆಯವರು ಇದ್ದಾರೆ. ನೀವು ಕೂತು ಊಟ ಮಾಡೋದು, ಅಷ್ಟೇ.” ಮಾನ್ಯರೇ, ಊಟಕ್ಕೆ ಕರೆದು ಅತ್ತೆಯನ್ನೇ ಎತ್ತಿಕೊಂಡು ಹೋಗುವುದು ಯಾವ ಊರಿನ ಮರ್ಯಾದೆ? ಉಂಡೂ ಹೋದ ಕೊಂಡೂ ಹೋದ ಎಂಬ ಮಾತು ಅತಿಥಿಗಳ ಬಗ್ಗೆ ಹುಟ್ಟಿದ್ದು. ತಾವು ಅದನ್ನು ಆತಿಥೇಯರಿಗೂ ವಿಸ್ತರಿಸಿದಿರಿ.

ನಾನು ಸುಮ್ಮನಿರಲಿಲ್ಲ. ಅವರಿಗೆ ಮೊಣಕಾಲು ನೋವೆಂದೆ, ವಯಸ್ಸಾಯಿತೆಂದೆ, ಕಂಡವರು ಏನೆಂದಾರು ಎಂದೆ, ಮಕ್ಕಳ ಪರೀಕ್ಷೆ ಹತ್ತಿರ ಬಂತೆಂದೆ. ಅತ್ತೆಯವರು ಚೀಸಿನ ಚೂರನ್ನು ನಿಧಾನವಾಗಿ ಮುಗಿಸಿ, “ಅಳಿಯಂದ್ರೇ, ಪರೀಕ್ಷೆ ಬರೆಯೋದು ಅವರು, ನಾನಲ್ಲ” ಎಂದರು. ನಾನು ಕೊನೆಯ ಅಸ್ತ್ರವಾಗಿ ಪತ್ನಿಯ ಕಡೆ ನೋಡಿದೆ. ಅವಳು ಅಳುತ್ತಿದ್ದಳು. ಗೆದ್ದೆ ಎಂದುಕೊಂಡೆ. ಅವಳು ಎದ್ದು ಹೋಗಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ತಂದು, ತಾಯಿಯ ಗಲ್ಲದ ಕೆಳಗೆ ಪಟ್ಟಿ ಅಳೆದು ನೋಡಿ, “ಇದು ಸಡಿಲ ಇದೆಯಮ್ಮ, ಬಿಗಿ ಮಾಡಿಸ್ಕೋ” ಎಂದಳು. ಆ ಮೇಜಿನಲ್ಲಿ ನನ್ನ ಪಕ್ಷದಲ್ಲಿ ಉಳಿದದ್ದು ಉಪ್ಪಿನ ಬಟ್ಟಲೊಂದೇ.

ಈಗ ನಮ್ಮ ಮನೆಯ ಸ್ಥಿತಿ. ಇಸ್ತ್ರಿಪೆಟ್ಟಿಗೆ ನನ್ನ ಮೂರು ಅಂಗಿಗಳ ಬೆನ್ನಿನ ಮೇಲೆ ತನ್ನ ಮುಖ ಮುದ್ರಿಸಿದೆ. ಅವಳಿಗಳ ಡಬ್ಬಿ ಅದಲುಬದಲಾಗಿ ಒಬ್ಬನಿಗೆ ಎರಡು ಪಲ್ಯ, ಇನ್ನೊಬ್ಬಳಿಗೆ ಎರಡು ಚಮಚ ಸಿಕ್ಕಿದವು. ಗಿಡಗಳ ಬಗ್ಗೆ ಮಾತನಾಡದಿರುವುದು ಸತ್ತವರಿಗೆ ಸಲ್ಲಿಸುವ ಗೌರವ. ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರೆಂಬ ಬಗ್ಗೆ ಪತ್ನಿಯೂ ನಾನೂ ಕಣ್ಣು ಮುಚ್ಚಿಕೊಂಡೇ ಸ್ಪರ್ಧಿಸುತ್ತೇವೆ. ಮೊನ್ನೆ ದಪ್ಪ ಹೊದಿಕೆಗಳು ಎಲ್ಲಿವೆಯೆಂದು ಕೇಳಲು ಅತ್ತೆಯವರಿಗೆ ಫೋನು ಮಾಡಿದೆ. “ಆಮೇಲೆ ಹೇಳ್ತೀನಿ, ಈಗ ಇಳಿಜಾರು!” ಎಂದರು. ಆಮೇಲೆ ಬರೀ ಗಾಳಿಯ ಸದ್ದು. ಫೋನನ್ನು ಯಾಕೋ ಸ್ವಲ್ಪ ಹೊತ್ತು ಕಿವಿಗೇ ಹಿಡಿದುಕೊಂಡಿದ್ದೆ. ಅದು ಬೇರೆ ಮಾತು.

ಆದಕಾರಣ ತಮ್ಮಲ್ಲಿ ಕೈಮುಗಿದು ಬೇಡುವುದೇನೆಂದರೆ, ನಮ್ಮ ಅತ್ತೆಯವರನ್ನು ತಾವು ತೆಗೆದುಕೊಂಡ ಸ್ಥಿತಿಯಲ್ಲಿಯೇ, ಮೊಣಕಾಲು ನೋವಿನ ಸಮೇತ, ಹಿಂದಿರುಗಿಸಬೇಕು. ‘ನಂದೇನಿದೆ ಬಿಡಿ’ ಎಂಬ ಮಾತು ದಾರಿಯಲ್ಲಿ ಎಲ್ಲಿ ಬಿದ್ದುಹೋಯಿತೋ ಸಿಳ್ಳೆಯನ್ನು ಕಳಿಸಿ ಹುಡುಕಿಸಿ, ತೊಳೆದು, ಒಣಗಿಸಿ, ಅವರ ಕೈಚೀಲದಲ್ಲಿಟ್ಟು ಕಳಿಸಬೇಕು. ಅದು ಸಾಧ್ಯವಿಲ್ಲವಾದರೆ ಕನಿಷ್ಠ ಪಕ್ಷ ಇನ್ನು ಮುಂದಿನ ಅಳಿಯಂದಿರನ್ನಾದರೂ ಉಳಿಸಿ. ಇಳಿಜಾರುಗಳನ್ನೆಲ್ಲ ಏರುಗಳನ್ನಾಗಿ ಮಾಡಿಸಿ. ನೆರಳಿನ ಮರಗಳನ್ನು ರಸ್ತೆಯಿಂದ ಒಂದಿಷ್ಟು ದೂರ ಸರಿದು ನಿಲ್ಲಲು ಕೇಳಿಕೊಳ್ಳಿ. ಸೂಪು ತಣ್ಣಗಿರಲಿ, ರೊಟ್ಟಿ ನಿನ್ನೆಯದಿರಲಿ, ಬಡಿಸುವವರು ಮುಖ ಗಂಟಿಕ್ಕಲಿ. ವಯಸ್ಸಾದವರಿಗೆ ಏನು ಬರುತ್ತದೆ, ಏನು ಬೇಕು ಎಂದು ಯಾರೂ ಕೇಳಕೂಡದೆಂದು ಸಿಬ್ಬಂದಿಗೆ ಕಟ್ಟಪ್ಪಣೆ ಮಾಡಿ. ಎಲ್ಲ ಸಂಸಾರಗಳೂ ಹಾಗೆಯೇ ನಡೆದುಕೊಂಡು ಬಂದಿವೆ. ನಮ್ಮದೇನು ಹೊಸದಲ್ಲ.

ಉತ್ತರದಲ್ಲಿ ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಮಾತ್ರ ಬರೆಯಬೇಡಿ. ಆ ವಾಕ್ಯ ನನ್ನದೇ ಮೇಜಿನಲ್ಲಿ ಹುಟ್ಟಿದ್ದು. ಅದರೊಳಗೆ ಏನೂ ಇಲ್ಲವೆಂಬುದು ನನಗೆ ಗೊತ್ತು.

ಇಷ್ಟಾದರೂ ಬೇರೆ ದಾರಿ ಕಾಣದೆ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಒಬ್ಬ ಅಳಿಯ

ತಾಜಾಕಲಂ: ಈ ಪತ್ರವನ್ನು ಮುಗಿಸುವಷ್ಟರಲ್ಲಿ, ನನ್ನ ಪತ್ನಿ ಮುಂದಿನ ತಿಂಗಳ ಪ್ರವಾಸಕ್ಕೆ ತಮ್ಮಲ್ಲಿ ಒಂದು ಸೈಕಲ್ ಕಾದಿರಿಸಿದ್ದಾಳೆಂದು ತಿಳಿದುಬಂತು. ಎರಡಲ್ಲ, ಒಂದೇ. ಕಣ್ತಪ್ಪಿರಬೇಕೆಂದು ನಾನು ಕೇಳಿದೆ. ಇಲ್ಲವಂತೆ. ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಸಂಸ್ಥೆಯ ಇತಿಹಾಸದಲ್ಲಿ ಒಮ್ಮೆಯಾದರೂ ಒಂದು ಸುಳ್ಳು ಹೇಳಿ: ಸೈಕಲ್ ಖಾಲಿ ಇಲ್ಲವೆಂದು.